ಮಸ್ಕತ್ತಿನಲ್ಲಿ ಕಂಡ ಮೇಘಕ್ಕ

ಗೌಡರ ಮನೆಯ ಹಿತ್ತಿಲ ಜಗಲಿಯಲ್ಲಿ ಕುಳಿತು ನಾನೂ ಅವ್ವನೂ ಅಕ್ಕಿಯ ಕಲ್ಲು ಆರಿಸುತ್ತಿದ್ದೆವು. ಮೊರದಲ್ಲಿ ಅಕ್ಕಿಯನ್ನು ತೆಳ್ಳಗೆ ಹರಡಿ, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಎಳೆದು ನೋಡಿ, ಕಲ್ಲು ಸಿಕ್ಕರೆ ಅಂಗಳಕ್ಕೆ ಎಸೆಯುವುದು. ಬೇಲೂರಿನಿಂದಲೂ ಗೆಂಡೆಹಳ್ಳಿಯಿಂದಲೂ ಎಣಿಸಿದ್ದಕ್ಕಿಂತ ಹೆಚ್ಚು ನೆಂಟರು ಬಂದಿದ್ದರಿಂದ ಬೆಳಿಗ್ಗೆ ಇನ್ನೊಂದು ಮೂಟೆ ಬಿಚ್ಚಿದ್ದರು. ಗೌಡರ ಮಗಳು ಮೇಘಶ್ರೀಯ ಕೂಸಿಗೆ ಆವತ್ತು ಕಿವಿ ಚುಚ್ಚಿಸುವುದಿತ್ತು.

ಬಸ್ತಿಹಳ್ಳಿಯ ಆ ಮನೆಯ ಕಟ್ಟುಪಾಡು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಒಣಗಿದ್ದನ್ನು ನಮ್ಮ ಕೇರಿಯವರು ಮುಟ್ಟಬಹುದು. ಅಕ್ಕಿ, ರಾಗಿ, ಅವರೆಕಾಳು, ಕೊಬ್ಬರಿ, ಯಾವುದಕ್ಕೂ ತೊಂದರೆಯಿಲ್ಲ. ನೀರು ಬಿದ್ದ ಮೇಲೆ ಮುಟ್ಟುವಂತಿಲ್ಲ. ನೆನೆದ ಕಾಳಿಗೆ ನಮ್ಮ ಕೈ ಸೋಕಿದರೆ ಅದು ದನಕ್ಕೆ. ನಮ್ಮ ಕಾಫಿಗೆಂದು ಕೊಟ್ಟಿಗೆಯ ಸೂರಿನಲ್ಲಿ ಎರಡು ಲೋಟ ಸಿಕ್ಕಿಸಿರುತ್ತಾರೆ. ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು.

ಇದೇ ಕೈಯಿಂದ ನಾನು ಆ ಮನೆಯ ಮಗಳಿಗೆ ಎರಡು ವರ್ಷ ಅನ್ನ ಬೇಯಿಸಿ ಬಡಿಸಿದ್ದೆ, ಮಸ್ಕತ್ತಿನಲ್ಲಿ. ಊರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಮನೆಯಲ್ಲಿ ಅವ್ವನಿಗೂ ಅಣ್ಣನಿಗೂ ಮಾತ್ರ ಹೇಳಿದ್ದೆ. ಅವ್ವ ನಂಬಲಿಲ್ಲವೋ ಹೆದರಿದಳೋ, “ಬಾಯಿ ಮುಚ್ಕೊಂಡಿರು” ಅಂದಿದ್ದಳು.

ಮೇಘಶ್ರೀಯೇ ಒಂದು ದಿನ ಅಲ್ಲಿ ಹೇಳಿದ್ದಳು. “ಊರಿಗೆ ಹೋದಾಗ ನಮ್ಮವ್ವನ ಮುಂದೆ ನಾನೇ ಹೇಳ್ತೀನಿ ಕಣೇ, ನನ್ನ ಸಂಸಾರ ನಡೆದಿದ್ದು ನಿನ್ನ ಕೈಯಿಂದ ಅಂತ. ಪುಟ್ಟಿ ಕಿವಿ ಚುಚ್ಚಿಸೋ ದಿನ ನೀನು ನಡುಮನೇಲಿ ನನ್ನ ಪಕ್ಕ ಕೂತು ಉಣ್ಬೇಕು.” ನಾನು ಕೇಳಿರಲಿಲ್ಲ. ಅವಳೇ ಅಂದದ್ದು. ಆ ಮಾತನ್ನು ಇಟ್ಟುಕೊಂಡೇ ನಾನು ಆವತ್ತು ಹೋಗಿದ್ದೆ.

ಅಣ್ಣ ದೇವರಾಜ್ ಅರಸೀಕೆರೆಯಲ್ಲಿ ಸರ್ಕಾರಿ ನೌಕರ. ಹಿಂದಿನ ದಿನವೇ ನನ್ನನ್ನು ತಡೆದಿದ್ದ.

“ಯಾಕೆ ಹೋಗ್ತೀಯಾ ಅಲ್ಲಿಗೆ?”

“ಕರೆದವ್ರೆ.”

“ಊಟಕ್ಕೆ ಕರೆದವ್ರೋ, ಅಕ್ಕಿ ಆರ್ಸಕ್ಕೋ?”

ಈಗ ಮೊರ ನೋಡುತ್ತ ಆ ಮಾತೇ ನೆನಪಾಗುತ್ತಿತ್ತು.

ಗೌಡರ ಕಡೆಯ ಹುಚ್ಚಮ್ಮ ಹಿತ್ತಿಲಿಗೆ ಬಂದವಳು ನನ್ನನ್ನು ನೋಡಿ ನಿಂತಳು. “ಏನೇ ಮೀನಾಕ್ಷಿ, ಫಾರಿನ್ನಿಗೆ ಹೋಗ್ಬಂದೋಳು ಇನ್ನೂ ಮೊರ ಹಿಡೀತೀಯಲ್ಲೇ. ಅಲ್ಲಿ ಯಾರ್ಯಾರನ್ನ ನೋಡ್ದೆ? ಶೇಖುಗಳು ಒಂಟೆ ಮೇಲೆ ಬತ್ತಾರಾ?”

“ಕಾರಲ್ಲಿ ಬತ್ತಾರೆ.”

“ನಿನ್ನೂ ಒಂದ್ ರೌಂಡ್ ಕೂರಿಸ್ಕೊಂಡಿರ್ಬೇಕು.”

ಅಡಿಗೆಮನೆಯ ಕಿಟಕಿಯ ಹಿಂದೆ ಹೆಂಗಸರು ನಕ್ಕರು. ನಾನು ತಲೆ ಎತ್ತಲಿಲ್ಲ. ಯಾರನ್ನು ನೋಡಿದೆ ಎಂದು ಎಲ್ಲರೂ ಕೇಳುತ್ತಾರೆ, ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ.

ನಿಂತಿದ್ದರೆ ಕುಸುಮಾಳ ಬಗ್ಗೆ ಹೇಳುತ್ತಿದ್ದೆ. ಸಿಂಹಳದವಳು, ಮೇಲಿನ ಮನೆಯಲ್ಲಿ ಕೆಲಸಕ್ಕಿದ್ದಳು. ತಾರಸಿಯ ಮೇಲೆ ಬಟ್ಟೆ ಒಣಗಿಸುವಾಗ ಪರಿಚಯ. ಒಮ್ಮೆ ನನ್ನ ಪೆಟ್ಟಿಗೆಯಲ್ಲಿ ಬುದ್ಧನ ಪಟ ಕಂಡು ಕಣ್ಣಿಗೊತ್ತಿಕೊಂಡಳು. “ನಿಮ್ಮೂರಲ್ಲೂ ಇದ್ದಾರಾ?” ಎಂದು ಹರಕು ಹಿಂದಿಯಲ್ಲಿ ಕೇಳಿದಳು. ಅಣ್ಣ ತಂದು ಗೋಡೆಗೆ ಹಾಕಿದ ಮೇಲೆ ಇದ್ದಾರೆ ಅಂದೆ. ತನ್ನ ಮಕ್ಕಳ ಮುಖ ಮರೆತುಹೋಗುತ್ತಿದೆ ಎಂದು ಹೇಳುತ್ತ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದಳು.

ಕೆಳಮನೆಯ ಅರಬ್ಬಿ ಮುದುಕಿಯ ಬಗ್ಗೆಯೂ ಹೇಳುತ್ತಿದ್ದೆ.

ನಾನು ಅಲ್ಲಿಗೆ ಹೋದದ್ದು ತೊಂಬತ್ತೆಂಟರಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗೌಡರ ಹೊಲಕ್ಕೆ ಹೋಗುತ್ತಿದ್ದೆ. ಮೇಘಶ್ರೀಯ ಗಂಡ ಶಿವಪ್ರಕಾಶ್‌ಗೆ ಮಸ್ಕತ್ತಿನಲ್ಲಿ ಕೆಲಸ. ಬಾಣಂತಿತನಕ್ಕೆ ಗೊತ್ತಿರುವ ಹುಡುಗಿಯೇ ಇರಲಿ ಎಂದು ಅವಳ ತಾಯಿ ಜಾನಕಮ್ಮ ನನ್ನನ್ನು ಕಳಿಸಿದರು. ಮಗಳ ಸೂಟ್‌ಕೇಸಿನಲ್ಲಿ ನನಗೆಂದು ಬೇರೆ ಒಂದು ತಟ್ಟೆ, ಒಂದು ಲೋಟ ಇಟ್ಟರು. ಕೊಟ್ಟಿಗೆ ಸೂರಿನ ಲೋಟ ನನ್ನ ಜೊತೆ ವಿಮಾನದಲ್ಲಿ ಬಂತು.

ಮೊದಲ ತಿಂಗಳುಗಳಲ್ಲಿ ಅಲ್ಲೂ ಇಲ್ಲಿಯ ಹಾಗೇ ನಡೆಯಿತು. ಮೇಘಶ್ರೀ ನಡುನೋವು ಹಿಡಿದುಕೊಂಡೇ ಅಡಿಗೆ ಮಾಡುವಳು. ನಾನು ಬಾಲ್ಕನಿಯಲ್ಲಿ ಕೂತು ಉಣ್ಣುವೆ. ಒಂದು ದಿನ ಕೆಳಮನೆಯ ಮುದುಕಿ ಕೂಸನ್ನು ನೋಡಬೇಕೆಂದು ನಮ್ಮಿಬ್ಬರನ್ನೂ ಕರೆದಳು. ಚಾಪೆಯ ಮೇಲೆ ಕೂರಿಸಿ ಖರ್ಜೂರ ಕೊಟ್ಟಳು. ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿದಳು. ನಾನು ಅವಳ ಬಲಕ್ಕೆ ಕೂತಿದ್ದೆ, ಮೊದಲು ನನಗೆ ಕೊಟ್ಟಳು. ಕುಡಿದು ಕೊಟ್ಟೆ. ಅದೇ ಬಟ್ಟಲಿಗೆ, ತೊಳೆಯದೆ, ಮತ್ತೆ ಬಗ್ಗಿಸಿ ಮೇಘಶ್ರೀಯ ಮುಂದೆ ಹಿಡಿದಳು.

ಮೇಘಶ್ರೀ ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು. ಮುದುಕಿ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಆಮೇಲೆ ಮೇಘಶ್ರೀ ಅದನ್ನು ತೆಗೆದುಕೊಂಡು ಕುಡಿದಳು.

ಅಲ್ಲಿ ಸಾಕು ಅನ್ನಬೇಕಾದರೆ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ಇಲ್ಲದಿದ್ದರೆ ಬಗ್ಗಿಸುತ್ತಲೇ ಇರುತ್ತಾರೆ. ಗೊತ್ತಿಲ್ಲದೆ ನಾವಿಬ್ಬರೂ ಕುಡಿದೇ ಕುಡಿದೆವು. ಕೊನೆಗೆ ಮುದುಕಿಯೇ ನಮ್ಮ ಮಣಿಕಟ್ಟು ಹಿಡಿದು ಅಲ್ಲಾಡಿಸಿ ತೋರಿಸಿದಳು. ಮೆಟ್ಟಿಲು ಹತ್ತುವಾಗ ಮೇಘಶ್ರೀಗೆ ನಗು ತಡೆಯಲಾಗಲಿಲ್ಲ. “ಹೊಟ್ಟೆಯೆಲ್ಲ ಕೆರೆ ಆಗೋಯ್ತು ಕಣೇ” ಎಂದು ನನ್ನ ಹೆಗಲು ಹಿಡಿದು ನಿಂತಳು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಆ ಸಂಜೆ, “ಸಾರು ನೀನೇ ಮಾಡು, ನನ್ನ ಕೈಲಾಗಲ್ಲ” ಅಂದಳು. ಶಿವಪ್ರಕಾಶ್ ಎರಡು ಸಲ ಹಾಕಿಸಿಕೊಂಡು ಉಂಡರು, ಏನೂ ಕೇಳಲಿಲ್ಲ. ಅಮ್ಮಾರೇ ಅನ್ನಬೇಡ, ಅಕ್ಕ ಅನ್ನು ಅಂದಳು. ಒಂದೇ ತಟ್ಟೆಯಲ್ಲಿ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದೆವು. ನನಗೆ ಜ್ವರ ಬಂದಾಗ ಅವಳು ಗಂಜಿ ಮಾಡಿ ಕುಡಿಸಿದಳು. ನನ್ನ ಆ ಲೋಟದಲ್ಲಿ ಪುದೀನಾ ಕಡ್ಡಿ ನೆಟ್ಟು ಕಿಟಕಿಯಲ್ಲಿಟ್ಟಳು. ಕೂಸು ನನ್ನ ಸೊಂಟದ ಮೇಲೆಯೇ ಬೆಳೆಯಿತು. ಮೊದಲ ತುತ್ತು ನನ್ನ ಬಾಯಿಗೆ ಹೋದರೇ ಎರಡನೆಯದಕ್ಕೆ ಅದು ಬಾಯಿ ತೆರೆಯುತ್ತಿತ್ತು.

ಪರದೇಶದಲ್ಲಿ ಕಂಡವರಲ್ಲಿ ನಾನು ಮರೆಯಲಾರದವಳು ಆ ಮೇಘಕ್ಕ. ಬಸ್ತಿಹಳ್ಳಿಯಲ್ಲಿ ಅವಳನ್ನು ನಾನು ಕಂಡಿರಲಿಲ್ಲ.

ವಾಪಸು ಬರುವಾಗ ಮುಂಬಯಿಯಿಂದ ರೈಲು. ಅರಸೀಕೆರೆ ಬರುವವರೆಗೂ ಕೂಸು ನನ್ನ ತೊಡೆಯ ಮೇಲಿತ್ತು. ಇಬ್ಬರಿಗೂ ಒಂದೇ ನೀರಿನ ಬಾಟಲಿ. ಪ್ಲಾಟ್‌ಫಾರಂನಲ್ಲಿ ಮೇಘಕ್ಕನ ಅಪ್ಪ ರಾಮಣ್ಣಗೌಡರು ನಿಂತಿರುವುದು ಕಂಡಿತು. ಮೇಘಕ್ಕ ಕೂಸನ್ನು ಎತ್ತಿಕೊಂಡಳು. ಬಾಟಲಿಯಲ್ಲಿ ಉಳಿದ ನೀರನ್ನು ಕಿಟಕಿಯಾಚೆ ಚೆಲ್ಲಿದಳು.

“ಜೀಪಲ್ಲಿ ಜಾಗ ಇರಲ್ಲ ಮೀನಾ. ನೀನು ಹಳೇಬೀಡಿನ ಬಸ್ಸಿಗೆ ಬಾ.”

ಜೀಪಿನ ಹಿಂದಿನ ಸೀಟು ಖಾಲಿಯಿತ್ತು. ಪ್ರಯಾಣದ ಆಯಾಸ ಅಂದುಕೊಂಡೆ.

ಹಿತ್ತಿಲ ಜಗಲಿಯಿಂದ ಬಾಗಿಲ ಮೂಲಕ ನಡುಮನೆ ಕಾಣುತ್ತದೆ. ಮೇಘಕ್ಕ ರೇಷ್ಮೆ ಸೀರೆ ಉಟ್ಟು ನೆಂಟರ ನಡುವೆ ಕೂತಿದ್ದಳು. ಜಾನಕಮ್ಮ ಇನ್ನಷ್ಟು ಕಾಫಿ ಹಾಕಲು ಬಗ್ಗಿದರು. ಮೇಘಕ್ಕ ಖಾಲಿ ಲೋಟವನ್ನು ಎರಡು ಸಲ ಅಲ್ಲಾಡಿಸಿದಳು.

“ಏನೇ ಅದು, ಗಿಲಕಿ ಆಡಿಸ್ದಂಗೆ?” ಅಂದರು ಜಾನಕಮ್ಮ.

ಅವಳು ಲೋಟ ಕೆಳಗಿಟ್ಟು ಹಿತ್ತಿಲ ಬಾಗಿಲ ಕಡೆ ನೋಡಿದಳು. ಕಣ್ಣಿಗೆ ಕಣ್ಣು ಸೇರಿತು. ನನಗೆ ಧೈರ್ಯ ಬಂತು. ಮರೆತಿಲ್ಲ, ಊಟದ ಹೊತ್ತಿಗೆ ಕರೆಯುತ್ತಾಳೆ ಎಂದು ಸೆರಗಿನ ಧೂಳು ಕೊಡವಿಕೊಂಡೆ.

ಹಳೇಬೀಡಿನ ಆಚಾರಿ ಕಿವಿ ಚುಚ್ಚಿದ. ಪುಟ್ಟಿಯ ಕಿರುಚಾಟ ಶುರುವಾಯಿತು. ಬೆಲ್ಲ ಕೊಟ್ಟರು, ಬಳೆ ತೋರಿಸಿದರು, ಬೆಳ್ಳಿ ತಟ್ಟೆಯಲ್ಲಿ ತುಪ್ಪದನ್ನ ಕಲಸಿದರು. ಬಾಯಿಗಿಟ್ಟದ್ದನ್ನೆಲ್ಲ ಉಗುಳಿತು. ಅಜ್ಜಿಯ ಕೈಯಿಂದ ಜಾರಿ, “ಮೀನಾ, ಮೀನಾ” ಎನ್ನುತ್ತ ಹಿತ್ತಿಲ ಹೊಸಿಲು ದಾಟಿ ಬಂದು ನನ್ನ ಮಡಿಲಿಗೆ ಬಿತ್ತು. ಮೊರ ಮಗುಚಿ ಅಕ್ಕಿಯೆಲ್ಲ ಅಂಗಳದ ಪಾಲಾಯಿತು.

ಜಾನಕಮ್ಮ ತಟ್ಟೆ ಹಿಡಿದೇ ಹಿಂದೆ ಓಡಿಬಂದು ಬಗ್ಗಿದರು. ಪುಟ್ಟಿ ಆ ತಟ್ಟೆಗೆ ಕೈ ಹಾಕಿ ಒಂದು ಹಿಡಿ ಅನ್ನ ತೆಗೆದು ನನ್ನ ಬಾಯಿಗೆ ತುರುಕಿತು.

“ಮೊದ್ಲು ಮೀನಾ.”

ಆಮೇಲೆ ತನ್ನ ಬಾಯಿ ತೆರೆಯಿತು. ನನ್ನ ಕೈ ಎರಡು ವರ್ಷದ ರೂಢಿಯಲ್ಲಿ ತಾನಾಗಿ ಎದ್ದು, ಆ ಬೆಳ್ಳಿ ತಟ್ಟೆಯಿಂದ ಸಣ್ಣ ತುತ್ತು ಮಾಡಿ ಪುಟ್ಟಿಗೆ ಇಟ್ಟಿತು. ಅದು ಅಳು ನಿಲ್ಲಿಸಿ ನುಂಗಿತು.

ಬಾಗಿಲಲ್ಲಿ ನೆಂಟರೆಲ್ಲ ನಿಂತಿದ್ದರು.

“ಇದೇನೇ ಮೇಘ?” ಜಾನಕಮ್ಮನ ದನಿ ಸಣ್ಣದಾಗಿತ್ತು. “ಅಲ್ಲಿ ಕೂಸಿಗೆ ಉಣ್ಣಿಸ್ತಿದ್ದಿದ್ದು ಇವಳಾ? ಅಡಿಗೆ ಮನೇಲಿ ಯಾರಿದ್ರು?”

ಮೇಘಕ್ಕ ಹೊಸಿಲ ಮೇಲೆ ನಿಂತಿದ್ದಳು. ನಾನು ಅವಳ ಮುಖವನ್ನೇ ನೋಡಿದೆ. ಈಗ ಹೇಳುತ್ತಾಳೆ, ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಅನ್ನಿಸಿತು.

“ನಾನೇ ಮಾಡ್ತಿದ್ದೆ ಅವ್ವ. ಇವಳು ಬಟ್ಟೆ ಒಗೆದು ಕಸ ಗುಡಿಸ್ತಿದ್ಲು, ಅಷ್ಟೆ.” ನನ್ನಿಂದ ಕಣ್ಣು ತಪ್ಪಿಸಿದಳು. “ನಾನು ಮಲಗಿದ್ದಾಗ ಕದ್ದು ಏನೇನು ತಿನ್ನಿಸಿದಾಳೋ, ಯಾರಿಗೆ ಗೊತ್ತು.”

“ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇಯ” ಅಂದಳು ಹುಚ್ಚಮ್ಮ. ನನ್ನ ಮಡಿಲಿಂದ ಕೂಸನ್ನು ಕಿತ್ತುಕೊಂಡು ಬಾಯಿ ತೊಳೆಸಲು ಬಚ್ಚಲಿಗೆ ಒಯ್ದಳು. ಒಳಗಿನಿಂದ ಅದು ನನ್ನ ಹೆಸರು ಹಿಡಿದು ಕೂಗುವುದು ಕೇಳುತ್ತಿತ್ತು. ತಟ್ಟೆಯ ಅನ್ನ ದನದ ಕಲಗಚ್ಚಿನ ಬಾನಿಗೆ ಬಿತ್ತು. ಅಂಗಳದ ಅಕ್ಕಿಗೆ ಕೋಳಿಗಳು ಬಂದವು.

“ತಪ್ಪಾಯ್ತು ಅಮ್ಮಾರೇ, ಮಗೀಗೆ ತಿಳೀಲಿಲ್ಲ” ಎಂದು ಅವ್ವ ಕೈಮುಗಿದಳು. ಯಾವ ಮಗುವಿನ ಮಾತು ಆಡಿದಳೋ ಗೊತ್ತಾಗಲಿಲ್ಲ. ಜಾನಕಮ್ಮ ತಿರುಗಿ ನೋಡದೆ ಒಳಗೆ ಹೋದರು, ಅವರ ಹಿಂದೆ ನೆಂಟರೂ ಹೋದರು. ಎಲೆ ಹಾಕುವ ಸದ್ದು ಶುರುವಾಯಿತು.

ಮೇಘಕ್ಕ ಮಾತ್ರ ಹೊಸಿಲಲ್ಲೇ ಉಳಿದಳು, ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡು. ಅವಳ ಕಾಲ ಬಳಿಯೇ ಕುಡಿಯುವ ನೀರಿನ ಬಿಂದಿಗೆ ಇತ್ತು.

ಪುಟ್ಟಿ ತುರುಕಿದ ಅನ್ನ ನನ್ನ ಗಂಟಲಲ್ಲಿ ನಿಂತಿತ್ತು. ನುಂಗಲೂ ಆಗದು, ಅವರ ಅಂಗಳದಲ್ಲಿ ಉಗುಳಲೂ ಆಗದು. ಅವ್ವ ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಳು. ನಾನು ಬಿಡಿಸಿಕೊಂಡು ಕೊಟ್ಟಿಗೆಯ ಸೂರಿನಿಂದ ಲೋಟ ತೆಗೆದೆ. ತೊಳೆಯಲಿಲ್ಲ. ಹೊಸಿಲಿನವರೆಗೆ ಹೋಗಿ ಅವಳ ಮುಂದೆ ಹಿಡಿದು ಮೆಲ್ಲಗೆ ಕೇಳಿದೆ. ಅವಳು ತಿರುಗಲಿಲ್ಲ. ಆ ಮನೆಯಲ್ಲಿ ನಾನು ಎಂದೂ ದನಿ ಎತ್ತಿದವಳಲ್ಲ, ಅಮ್ಮಾರೇ ಅನ್ನದೆ ಅವರನ್ನು ಕರೆದವಳೂ ಅಲ್ಲ. ಎಲೆಯ ಮುಂದೆ ಕೂತವರಿಗೂ ಕೇಳಿಸುವ ಹಾಗೆ ಇನ್ನೊಂದು ಸಲ ಕೇಳಿದೆ.

“ಅಕ್ಕಾ, ಕುಡಿಯಕ್ಕೆ ಒಸಿ ನೀರು ಕೊಡಿ.”