ತಂಬಿಗೆಯಲ್ಲಿ ಮುಳುಗಿದ ಗಡಿಯಾರ

ನಾನು ಒಂದು ಕೈಗಡಿಯಾರ. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಸಮುದ್ರದ ತಳಕ್ಕೆ ಇಳಿಯುವವರಿಗೆಂದೇ ಮಾಡಿದ ಗಡಿಯಾರ ನಾನು. ದೂರದ ಕಾರ್ಖಾನೆಯೊಂದರಲ್ಲಿ ಹುಟ್ಟಿದಾಗ, ಇನ್ನೂರು ಮೀಟರ್ ಆಳದಲ್ಲೂ ಇದಕ್ಕೇನೂ ಆಗದು ಎಂದು ನನ್ನ ಬೆನ್ನ ಮೇಲೆ ಕೆತ್ತಿದರು. ಮುಖದ ಸುತ್ತ ತಿರುಗುವ ಬಳೆ ತೊಡಿಸಿದರು. ನೀರಿಗಿಳಿಯುವವನು ಅದನ್ನು ತಿರುಗಿಸಿ ಇಟ್ಟುಕೊಂಡರೆ ಎಷ್ಟು ಹೊತ್ತು ಕೆಳಗಿದ್ದೇನೆಂದು ತಿಳಿಯುತ್ತದೆ. ಕತ್ತಲಲ್ಲಿ ಹೊಳೆಯುವ ಮುಳ್ಳು, ದಪ್ಪ ಗಾಜು, ಒಳಗೆ ಹನಿ ನುಸುಳದಂತೆ ರಬ್ಬರಿನ ಉಂಗುರ. ಇಷ್ಟೆಲ್ಲ ಇದ್ದ ಮೇಲೆ ಒಂದಿಷ್ಟು ಜಂಬ ಬಂದರೆ ತಪ್ಪೇನು?

ಆದರೆ ಹಣೆಬರಹ ನೋಡಿ. ನನ್ನನ್ನು ಮೊದಲು ಕೊಂಡವನು ಕಾರವಾರದ ಪಾಸ್ಕೋಲ್, ಸರಕು ಹಡಗಿನ ಅಡುಗೆಯವನು. ಸಮುದ್ರ ಕಾಲ ಕೆಳಗೇ ಇತ್ತು, ನಾನು ಮಾತ್ರ ಈರುಳ್ಳಿ ಹೆಚ್ಚುವ ಕೈಯಲ್ಲಿದ್ದೆ. ಅಕ್ಕಿ ತೊಳೆಯುವಾಗಲೂ ಅವನು ನನ್ನನ್ನು ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದ. ನನ್ನ ಬಳೆ ತಿರುಗುತ್ತಿದ್ದುದು ಅನ್ನ ಎಷ್ಟು ಹೊತ್ತು ಬೆಂದಿತೆಂದು ನೋಡುವುದಕ್ಕೆ. ಒಳ್ಳೆಯ ಮನುಷ್ಯ, ಬೈಯಲಾರೆ. ಅವನು ತೀರಿಕೊಂಡ ಮೇಲೆ ಹಳೆಯ ಸಾಮಾನಿನ ಜೊತೆ ನಾನೂ ಹುಬ್ಬಳ್ಳಿಯ ಗುಜರಿ ಸಂತೆ ಸೇರಿದೆ. ಗಾಜಿನ ತುಂಬ ಗೀರು, ಬಳೆಯ ಸಂದಿನಲ್ಲಿ ಎಂದೋ ಮೆತ್ತಿದ ಹಿಟ್ಟು. ಒಂದು ಮಾತು, ಆಗಲೂ ನಡೆಯುತ್ತಿದ್ದೆ.

ಅಲ್ಲಿ ನನ್ನನ್ನು ಎತ್ತಿಕೊಂಡವನು ಧಾರವಾಡದ ಫಕ್ಕೀರಪ್ಪ. ಲಾರಿ ಓಡಿಸಿ ಓಡಿಸಿ ಸಾಕಾಗಿ ಮನೆಯಲ್ಲಿದ್ದ. ನೀರಿನಲ್ಲಿ ಹಾಕಿದರೂ ಏನೂ ಆಗುವುದಿಲ್ಲವೆಂದು ಅಂಗಡಿಯವನು ಹೇಳಿದ್ದೇ ತಡ, ಇವನು ಮನೆಗೆ ಬಂದವನೇ ಹೆಂಡತಿ ಗುರುಬಸವ್ವಳನ್ನು ಕರೆದು ಕೂರಿಸಿ, ಒಂದು ತಂಬಿಗೆ ನೀರು ತಂದು ನನ್ನನ್ನು ಅದರೊಳಗೆ ಬಿಟ್ಟ. ನನ್ನ ರಬ್ಬರಿನ ಉಂಗುರ ಒಣಗಿ ಬಿರುಕು ಬಿಟ್ಟದ್ದು ಅವನಿಗೇನು ಗೊತ್ತು? ಬುಳುಬುಳು ಗುಳ್ಳೆ ಎದ್ದವು. ಒಳಗೆಲ್ಲ ನೀರು. ಸಮುದ್ರದ ಆಳಕ್ಕೆಂದು ಹುಟ್ಟಿದ ನಾನು ಒಂದು ತಂಬಿಗೆ ನೀರಿನಲ್ಲಿ ಮುಳುಗಿ ನಿಂತುಹೋದೆ. ಗುರುಬಸವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಲಕ್ವಾ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲಂತೆ. ನನಗೋ ಮಾನ ಹೋಗಿತ್ತು.

ಅವಳ ವಿಷಯ ಹೇಳಬೇಕು. ಗುರುಬಸವ್ವ ಕಸೂತಿ ಹಾಕುವವಳು. ಮಗಳು ನೀಲಾ ಬಸುರಿ, ಅವಳು ಕುಬಸದ ದಿನ, ಅಂದರೆ ಸೀಮಂತಕ್ಕೆ, ಉಡಲೆಂದು ತಾಯಿ ಹಸಿರು ಇಳಕಲ್ ಸೀರೆಯ ಮೇಲೆ ಗೋಪುರ ಹೊಲಿಯುತ್ತಿದ್ದಳು. ಅರ್ಧ ಗೋಪುರವಾಗಿತ್ತು, ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು. ಸೂಜಿ ಚುಚ್ಚಿದಲ್ಲೇ ಇತ್ತು, ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟಿದ್ದರು. ಬೇರೆ ಯಾರಿಗಾದರೂ ಕೊಟ್ಟು ಮುಗಿಸೋಣ ಎಂದು ನೀಲಾ ಮೆಲ್ಲಗೆ ಕೇಳಿದ್ದಳು. ಗುರುಬಸವ್ವ ಒಪ್ಪಿರಲಿಲ್ಲ. ತಾನು ಶುರು ಮಾಡಿದ್ದು ತನ್ನ ಕೈಯಿಂದಲೇ ಮುಗಿಯಬೇಕು ಅಂದಿದ್ದಳು. ಆದರೆ ಕುಬಸ ಹತ್ತಿರ ಬರುತ್ತಿತ್ತು, ಕೈ ಬರುತ್ತಿರಲಿಲ್ಲ.

ಬೆರಳುಗಳಿಗೆ ಕೆಲಸ ಕೊಡಿ, ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಸಾಸಿವೆ ಆರಿಸಿ ಹಾಕಿ ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಅದು ತಲೆಚಿಟ್ಟು ಹಿಡಿದಿತ್ತು. ನಾನು ಸತ್ತ ಮರುದಿನ ಸಾಸಿವೆ ಬಟ್ಟಲನ್ನು ಆಚೆ ನೂಕಿದಳು.

"ಈ ಸಾಸಿವಿ ಆರಿಸಿ ಯಾರ ಉದ್ಧಾರ ಆಗೂದೈತಿ? ಆ ಗಡಿಯಾರ ಕೊಡ ಇಲ್ಲೆ," ಅಂದಳು.

ಕೈಗೆ ಬಂದವಳೇ ನನ್ನನ್ನು ಬೋರಲು ಮಾಡಿ ಬೆನ್ನು ನೋಡಿದಳು. ಎಲ್ಲರೂ ನನ್ನ ಮುಖ ನೋಡುತ್ತಾರೆ, ಇವಳೊಬ್ಬಳು ಬೆನ್ನು! ಕಸೂತಿಯವರ ರೂಢಿ ಅದು. ಹಿಂಬದಿ ನೋಡಿಯೇ ಹೊಲಿಗೆಯ ಯೋಗ್ಯತೆ ಹೇಳುತ್ತಾರೆ.

ನೀಲಾ ಮೊಬೈಲಿನಲ್ಲಿ ಗಡಿಯಾರ ಬಿಚ್ಚುವ ವಿಡಿಯೊ ಹಾಕಿಕೊಟ್ಟಳು. ಫಕ್ಕೀರಪ್ಪ ಮಕ್ಕಳಾಡುವ ರಬ್ಬರ್ ಚೆಂಡನ್ನು ನನ್ನ ಬೆನ್ನಿಗೆ ಒತ್ತಿ ತಿರುವಿ ಮುಚ್ಚಳ ತೆಗೆದ. ಮುಂದಿನದೆಲ್ಲ ಗುರುಬಸವ್ವಳದು. ಅಂಚಿರುವ ತಾಟಿನಲ್ಲಿ ಬಿಳಿ ಬಟ್ಟೆ ಹಾಸಿ, ಎಡಗೈಯಲ್ಲಿ ನನ್ನನ್ನು ಹಿಡಿದು, ಹಟ ಹಿಡಿದು ಬಲಗೈಗೇ ಚಿಮಟ ಕೊಟ್ಟಳು. ಒಂದು ತಿರುಪು ಎತ್ತುವುದರೊಳಗೆ ನಾಲ್ಕು ಸಲ ಬೀಳುತ್ತಿತ್ತು. ತಾಟಿನಾಚೆ ಸಿಡಿದದ್ದನ್ನು ಹುಡುಕಲು ಫಕ್ಕೀರಪ್ಪ ನೆಲದ ಮೇಲೆ ಮಂಡಿಯೂರಿ ಹರಿದಾಡುತ್ತಿದ್ದ. ನನ್ನ ಹಲ್ಲಿನ ಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆದಳು. ಗಾಜಿನ ಗೀರು ಹೋಗಲೆಂದು ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕಿದಳು. ನಾಚಿಕೆಯಾಯಿತು, ಆದರೆ ಮುಖ ತಿಳಿಯಾದದ್ದು ಸುಳ್ಳಲ್ಲ. ದಿನ ಕಳೆದಂತೆ ತಿರುಪುಗಳು ಬೀಳುವುದು ಕಡಿಮೆಯಾಯಿತು. ಇದನ್ನು ಗಮನಿಸಿದವನು ನಾನೊಬ್ಬನೇ.

ಕೊನೆಗೆ ಎಲ್ಲ ಜೋಡಿಸಿ ಅವಳು ಒಂದು ಎಡವಟ್ಟು ಮಾಡಿದಳು. ಜೀವಮಾನವೆಲ್ಲ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ರೂಢಿಯಲ್ಲವೇ, ಅದೇ ಎಣ್ಣೆಯನ್ನು ಅಷ್ಟೇ ಧಾರಾಳವಾಗಿ ನನಗೂ ಬಿಟ್ಟಳು. ನನ್ನೊಳಗೆ ಕೂದಲಿನಷ್ಟು ತೆಳುವಾದ ಸುರುಳಿಯಿದೆ. ಎಣ್ಣೆ ತಾಗಿ ಅದರ ಸುತ್ತುಗಳು ಅಂಟಿಕೊಂಡವು, ನಾನು ದೆವ್ವ ಹಿಡಿದಂತೆ ಓಡತೊಡಗಿದೆ. ಮಧ್ಯಾಹ್ನದ ಊಟಕ್ಕೆ ಕೂತರೆ ನನ್ನ ಮುಖದಲ್ಲಿ ಸಂಜೆ ಚಹಾದ ಹೊತ್ತು.

ಗುರುಬಸವ್ವ ಅತ್ತಳು. ನನಗಾಗಿ ಅಲ್ಲ, ಆ ಕೈಗಾಗಿ. ಇನ್ನು ಇದು ಯಾವುದಕ್ಕೂ ಬಾರದು, ಸೀರೆಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ನೀಲಾಳಿಗೆ ಹೇಳಿದಳು. ನೀಲಾ ಟ್ರಂಕು ತೆರೆದು ಸೀರೆ ತೆಗೆದಳು. ಗುರುಬಸವ್ವ ಕೊನೆಯ ಸಲವೆಂಬಂತೆ ಅದರ ಹಿಂಬದಿಯ ಮೇಲೆ ಬೆರಳಾಡಿಸಿದಳು. ಎಲ್ಲಿಯೂ ಒಂದು ಗಂಟಿಲ್ಲ. ಕಸೂತಿಗೆ ಗಂಟು ಹಾಕುವುದಿಲ್ಲ. ತಪ್ಪಿದರೆ ಎಳೆ ಬಿಚ್ಚಿ, ಬಂದ ದಾರಿಯಲ್ಲೇ ಹಿಂದೆ ಹೋಗಿ ಮತ್ತೆ ಹೊಲಿಯಬಹುದು.

"ಇರ್ಲಿ, ತಡಿ," ಅಂದಳು ಆಮೇಲೆ. "ಬಿಚ್ಚಿದ್ರಾತು."

ಸೀರೆಯನ್ನು ಪಕ್ಕಕ್ಕಿಟ್ಟು ನನ್ನನ್ನು ಮತ್ತೆ ಬಿಚ್ಚಿದಳು. ಎಣ್ಣೆಯೆಲ್ಲ ತೊಳೆದು, ಈ ಸಲ ಸೂಜಿಯ ಮೊನೆಯಿಂದ ಬೇಕಾದಲ್ಲಿ ಮಾತ್ರ ಮುಟ್ಟಿಸಿದಳು, ಅದೂ ಫಕ್ಕೀರಪ್ಪ ಹುಬ್ಬಳ್ಳಿಯಿಂದ ತಂದ ಗಡಿಯಾರದ ಎಣ್ಣೆ. ಅವನು ಹೊಸ ರಬ್ಬರ್ ಉಂಗುರವನ್ನೂ ತಂದಿದ್ದ. ನಾನು ಸರಿಯಾಗಿ ನಡೆದೆ.

ಉಳಿದದ್ದು ನೀರಿನ ಪರೀಕ್ಷೆ. ಫಕ್ಕೀರಪ್ಪ ಬೇಡವೇ ಬೇಡ ಅಂದ, ಒಮ್ಮೆ ಆದದ್ದು ಸಾಕು ಅಂದ. ಗುರುಬಸವ್ವ ಕೇಳಲಿಲ್ಲ. ಒಳಗೆ ಹೋಗಿ ತಂಬಿಗೆ ತುಂಬಿ ತಂದು ಅವನ ಮುಂದಿಟ್ಟು ನನ್ನನ್ನು ಮುಳುಗಿಸಿದಳು. ನೀರು ನಾಲ್ಕೂ ಕಡೆಯಿಂದ ಒತ್ತಿತು. ನನ್ನ ಉಸಿರು ಒಳಗೇ ಉಳಿಯಿತು, ಒಂದು ಗುಳ್ಳೆಯೂ ಏಳಲಿಲ್ಲ. ನೀಲಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಗ್ಗಿ ನೋಡುತ್ತಿದ್ದಳು. ಫಕ್ಕೀರಪ್ಪ ಮಾತ್ರ ನನ್ನನ್ನು ನೋಡುತ್ತಿರಲಿಲ್ಲ.

"ತಂಬಿಗಿ ಯಾವ ಕೈಲೆ ತಂದಿ?" ಎಂದು ಕೇಳಿದ.

ಗುರುಬಸವ್ವ ತನ್ನ ಬಲಗೈ ನೋಡಿಕೊಂಡಳು. ಅದು ಇನ್ನೂ ತಂಬಿಗೆಯ ಕಂಠ ಹಿಡಿದೇ ಇತ್ತು.

ಕುಬಸದ ದಿನ ನೀಲಾ ಆ ಸೀರೆಯನ್ನೇ ಉಟ್ಟಳು. ಗೋಪುರದ ಮೇಲರ್ಧದಲ್ಲಿ ಕೆಲವು ಹೊಲಿಗೆ ಸೊಟ್ಟ. ಗವಂತಿ ಹೊಲಿಗೆ ಹಿಂದೂ ಮುಂದೂ ಒಂದೇ ಕಾಣುವಂಥದ್ದು, ಹಾಗಾಗಿ ಸೊಟ್ಟವೂ ಎರಡೂ ಕಡೆ ಒಂದೇ. ಗುರುಬಸವ್ವ ಅದನ್ನು ಬಿಚ್ಚಲಿಲ್ಲ.

ಈಗ ನನಗೆ ವಯಸ್ಸಾಗಿದೆ, ದಿನಕ್ಕೆ ಒಂದೆರಡು ನಿಮಿಷ ಹಿಂದೆ ಬೀಳುತ್ತೇನೆ. ಫಕ್ಕೀರಪ್ಪ ನನ್ನನ್ನು ಹೆಂಡತಿಗೇ ಬಿಟ್ಟುಕೊಟ್ಟ. ಬಲಗೈಗೆ ಇಷ್ಟು ಭಾರದ್ದು ಯಾಕೆ ಕಟ್ಟುತ್ತೀ ಎಂದು ಯಾರಾದರೂ ಕೇಳಿದರೆ, "ಭಾರ ಇದ್ರ ಕೈ ಐತಿ ಅಂತ ಗೊತ್ತಾಕ್ಕೈತಿ" ಅನ್ನುತ್ತಾಳೆ. ಸಮುದ್ರದ ತಳವನ್ನು ನಾನು ಇನ್ನು ನೋಡಲಾರೆ, ಅದರ ಚಿಂತೆಯೂ ಉಳಿದಿಲ್ಲ. ಅಕ್ಕಿ ತೊಳೆಯುವಾಗ ಗುರುಬಸವ್ವ ನನ್ನನ್ನು ಬಿಚ್ಚಿಡುವುದಿಲ್ಲ.