ರೇಡಿಯೋ ಮಾಡಿದ ಮಂತ್ರಿ

ರೇಡಿಯೋದಲ್ಲಿ ತಮ್ಮ ಹೆಸರು ಕೇಳಿಬಂದಾಗ ಆನ್ಸೆಲ್ಮ್ ಮೇಷ್ಟ್ರು ಅರ್ಧ ಗಡ್ಡ ಬೋಳಿಸಿಕೊಂಡಿದ್ದರು. "ಇಂದಿನಿಂದ ನ್ಯಾಯಮಂತ್ರಿಯಾಗಿ ಆನ್ಸೆಲ್ಮ್ ದೆರಿವೋ..." ಎಂದು ಓದಿದ ವಾರ್ತೆಯವನು ಸೇನೆಯ ಬ್ಯಾಂಡು ಹಾಕಿದ. ನಮ್ಮ ರಾಜಧಾನಿ ಪೋರ್ತ್-ಓ-ಪ್ರಾನ್ಸಿನಲ್ಲಿ ಮಂತ್ರಿ ಮಾಡುವುದು ಹೀಗೇ. ಮೊದಲು ಊರಿಗೆ ಗೊತ್ತಾಗುತ್ತದೆ, ಆಮೇಲೆ ಮಂತ್ರಿಗೆ. ಬೇಡವೆಂದವರು ಎಲ್ಲಿ ಹೋದರೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಹೆಂಡತಿ ಜೆರ್ಸಿಲಿಯಾ ಬ್ರೆಡ್ಡು ಕೊಯ್ಯುವ ಚಾಕು ಹಿಡಿದೇ ಬಂದಳು.

"ಹೋದ ವಾರ ಅಧ್ಯಕ್ಷರ ಅರಮನೆಗೆ ಹೋಗಿದ್ದು ಒರೆಲ್‌ನ ಬಿಡಿಸೋಕೆ ಅಂದ್ರಿ."

"ಅದಕ್ಕೇ ಕಣೇ ಹೋಗಿದ್ದು."

"ಬಿಡಿಸೋಕೆ ಹೋದೋರಿಗೆ ಕುರ್ಚಿ ಹೆಂಗೆ ಸಿಕ್ತು? ಅವ್ರೇನಂದ್ರು?"

"ದೇಶಕ್ಕೆ ನಿಮ್ಮಂಥೋರು ಬೇಕು ಮೇಷ್ಟ್ರೇ ಅಂದ್ರು. ನಾನು ಸುಮ್ನಿದ್ದೆ."

"ಸುಮ್ನಿದ್ರಾ? ನೀವಾ?"

ಮೌನವೆಂದರೆ ಸಮ್ಮತಿಯಲ್ಲ ಎಂದು ಇಪ್ಪತ್ತೆರಡು ವರ್ಷ ಕಾನೂನು ಕಾಲೇಜಿನಲ್ಲಿ ಪಾಠ ಹೇಳಿದವರು ಅವರು. ಝಾಕ್ಮೆಲ್ ಊರಿನ ದರ್ಜಿಯ ಮಗ. ಒಮ್ಮೆ ಸೆನೆಟಿಗೆ ಗೆದ್ದು, ಒಂದು ಕೆಟ್ಟ ಕಾನೂನಿಗೆ ಕೈಯೆತ್ತಲಾರದೆ ರಾಜೀನಾಮೆ ಬಿಸಾಕಿ ಬಂದಿದ್ದರು. ಅಂದು ಅವರ ಜೊತೆ ಎದ್ದು ಬಂದವನು ಗೆಳೆಯ ಒರೆಲ್ ಒಬ್ಬನೇ. ಪತ್ರಿಕೆಗೆ ಏನೋ ಬರೆದನೆಂದು ಅವನನ್ನು ಜೈಲಿಗೆ ಹಾಕಿ ಮೂರು ತಿಂಗಳಾಗಿತ್ತು.

ಎಂಟು ಗಂಟೆಗೆಲ್ಲ, ಬೀದಿ ಮೂಲೆಯಲ್ಲಿ ಬಾಳೆಕಾಯಿ ಕರಿಯುವ ಕ್ಲೋರಿಂದ್ ಹುಂಜ ಹಿಡಿದು ಹಾಜರಾದಳು. "ಮಂತ್ರಿಗಳೇ, ನಮ್ಮಳಿಯಂಗೆ ಕಸ್ಟಮ್ಸ್‌ನಲ್ಲೊಂದು ಕೆಲ್ಸ! ನೀವು ಕರೀ ಸೂಟು ಹೊಲಿಸ್ದಾಗ್ಲೇ ಅಂದ್ಕೊಂಡೆ ಬಿಡಿ."

"ಅದು ನಮ್ಮಕ್ಕ ಸತ್ತಾಗ ಹೊಲಿಸಿದ್ದು ಕಣಮ್ಮ."

"ಹೂಂ, ಹೂಂ" ಎಂದು ಕಣ್ಣು ಮಿಟುಕಿಸಿ, ಹುಂಜವನ್ನು ಮೇಜಿನ ಕಾಲಿಗೆ ಕಟ್ಟಿ ಹೋದಳು. ಜೆರ್ಸಿಲಿಯಾ ಗಂಡನನ್ನೇ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಪಾಡಾಗಿತ್ತು ಮೇಷ್ಟ್ರದು. ನಿಜ ಹೇಳಿದಷ್ಟೂ ಸುಳ್ಳನಂತೆ ಕಾಣುತ್ತಿದ್ದರು.

ಮಧ್ಯಾಹ್ನ ಅರಮನೆಯ ಕಾರೊಂದು ಬಂದು ಒರೆಲ್‌ನನ್ನು ಬಾಗಿಲಲ್ಲಿ ಇಳಿಸಿತು. ಚಾಲಕ ಮೇಷ್ಟ್ರಿಗೆ ಸಲಾಮು ಹೊಡೆದದ್ದನ್ನು ಒರೆಲ್ ನೋಡಿದ. ಮೂಳೆ ಚಕ್ಕಳವಾಗಿದ್ದ ಗೆಳೆಯನನ್ನು ಕಂಡು ಮೇಷ್ಟ್ರಿಗೆ ಅಳುವೇ ಬಂತು.

"ಬಾರೋ, ಕೂತ್ಕೋ."

ಒರೆಲ್ ಕೂರಲಿಲ್ಲ. "ಕುರ್ಚಿ ತಗೊಳ್ಳೋವಾಗ ನನ್ನ ಬಿಡುಗಡೇನ ಕೊಸರಿಗೆ ಕೇಳ್ದ್ಯಾ?"

"ನಾನೇನೂ ಒಪ್ಪಿಲ್ಲ ಕಣೋ. ದೇವ್ರಾಣೆ."

"ಹಂಗಾದ್ರೆ ರೇಡಿಯೋಗೆ ಹೋಗಿ ಒಲ್ಲೆ ಅಂತ ಹೇಳ್ಬಾ."

"ಹೇಳಿದ್ರೆ ನಾಳೆ ನಿನ್ನ ಮತ್ತೆ ಎಳ್ಕೊಂಡು ಹೋಗ್ತಾರೆ."

"ಹೋಗ್ಲಿ. ಭಯ ನಂಗೋಸ್ಕರಾನಾ, ನಿಂಗೋಸ್ಕರಾನಾ?"

ಮೇಷ್ಟ್ರು ಕುರ್ಚಿಯನ್ನು ಗೆಳೆಯನ ಕಡೆಗೆ ಇನ್ನಷ್ಟು ಸರಿಸಿದರು.

ಜೆರ್ಸಿಲಿಯಾ ಕಾಫಿ ತಂದುಕೊಟ್ಟಳು. ಒರೆಲ್ ಕಪ್ಪು ಹಿಡಿದು ಹೊಸಿಲ ಬಳಿ ಹೋಗಿ, ಕುಡಿಯುವ ಮೊದಲು ನಮ್ಮಲ್ಲಿ ಎಲ್ಲರೂ ಮಾಡುವಂತೆ ಸತ್ತವರಿಗೆಂದು ಮೂರು ಹನಿ ನೆಲಕ್ಕೆ ಚೆಲ್ಲಿದ. ಆಮೇಲೂ ಮೇಷ್ಟ್ರನ್ನೇ ನೋಡುತ್ತ ಕಪ್ಪನ್ನು ಬಗ್ಗಿಸಿಯೇ ಇದ್ದ. ಕೊನೆಯ ಹನಿಯೂ ಮಣ್ಣಿಗಿಳಿದ ಮೇಲೆ ಖಾಲಿ ಕಪ್ಪನ್ನು ಅವಳ ಕೈಗಿಟ್ಟು, "ಬರ್ತೀನಿ ಅತ್ತಿಗೆ" ಎಂದು ಬಿಸಿಲಿಗಿಳಿದ.