ದಿ ಅಂದ್ರೆ ಎಂತ?

ಶಾಂಭವಿ ಅಕ್ಕೋರಿಗೆ ಇಂಗ್ಲಿಷ್ ಅಂದರೆ ಮೊದಲಿನಿಂದಲೂ ಒಳಗೊಳಗೇ ಹೆದರಿಕೆ. ಎಸ್ಸೆಸ್ಸೆಲ್ಸಿಯಲ್ಲಿ ಆ ಒಂದು ವಿಷಯಕ್ಕಾಗಿ ಎರಡನೇ ಸಲ ಪರೀಕ್ಷೆಗೆ ಕೂತವರು ಅವರು. ಆಮೇಲೆ ಮಿರ್ಜಾನದ ಹತ್ತಿರ, ಹೊಳೆಬದಿಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ, ಲೆಕ್ಕ ಕಲಿಸುತ್ತ ನೆಮ್ಮದಿಯಾಗಿದ್ದರು. ಎರಡು ಸಾವಿರದ ಏಳರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಅಂತಾಯಿತು. ಒಂದನೇ ತರಗತಿ ಅವರದೇ.

ಕುಮಟೆಯ ತರಬೇತಿಯಲ್ಲಿ ಒಂದು ಕಟ್ಟು ರಟ್ಟಿನ ಕಾರ್ಡು ಕೊಟ್ಟಿದ್ದರು. ಅಕ್ಷರ ಕೂಡಿಸಿ ಓದಿಸಬೇಡಿ, ಮಕ್ಕಳು ಶಬ್ದವನ್ನು ಕಂಡ ಕೂಡಲೇ ಮುಖದ ಗುರುತು ಹಿಡಿದ ಹಾಗೆ ಹೇಳಬೇಕು ಅಂದಿದ್ದರು. ಸನ್, ಕ್ಯಾಟ್, ಬೋಟ್ ಕಾರ್ಡುಗಳ ಹಿಂದೆ ಚಿತ್ರವಿತ್ತು. ‘ದಿ’ ಕಾರ್ಡಿನ ಹಿಂದೆ ಮಾತ್ರ ಬರೀ ಬಿಳಿ.

ಅದನ್ನು ಮೊದಲು ತಿರುಗಿಸಿ ನೋಡಿದವಳು ಅಂಕಿತಾ. ಹೊಳೆಯಲ್ಲಿ ಚಿಪ್ಪಿ ಹೆಕ್ಕುವ ಮಾದಿಯ ಮೊಮ್ಮಗಳು, ಆರು ವರ್ಷದವಳು.

“ಅಕ್ಕೋರೆ, ದಿ ಅಂದ್ರೆ ಎಂತ?”

ಶಾಂಭವಿ ತಡವರಿಸಿದರು. “ಎಂತದೂ ಇಲ್ಲ. ಅದ್ಕೆ ಅರ್ಥ ಇಲ್ಲ. ಸುಮ್ಮನೆ ಹೇಳು, ಆತು.”

ಅಂಕಿತಾ ಒಪ್ಪಿದಳು. ಅವಳು ಎಷ್ಟರ ಮಟ್ಟಿಗೆ ಒಪ್ಪಿದ್ದಳು ಅನ್ನುವುದು ತಿಳಿದದ್ದು ದೀಪಾವಳಿ ಕಳೆದ ಮೇಲೆ, ಮೇಲಿನವರು ಶಾಲೆ ನೋಡಲು ಬಂದ ದಿನ. ಬಂದ ಸಾಹೇಬರು ಬೋರ್ಡಿನ ಮೇಲಿದ್ದ ಸಾಲನ್ನು ಅವಳಿಂದ ಓದಿಸಿದರು. ಅವಳು ಗಟ್ಟಿಯಾಗಿ, “ಸನ್ ಈಸ್ ಬಿಗ್” ಅಂದಳು.

“ಮೊದಲನೇ ಶಬ್ದ ಬಿಟ್ಟೆಯಲ್ಲಮ್ಮ?”

“ಅದ್ಕೆ ಅರ್ಥ ಇಲ್ಲ. ಅಕ್ಕೋರೇ ಹೇಳಿದಾರೆ.”

ಸಾಹೇಬರು ಬೈಯಲಿಲ್ಲ. ಶಾಂಭವಿಯ ಕಡೆ ತಿರುಗಿ ಸಣ್ಣಗೆ ನಕ್ಕರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಶಾಂಭವಿಗೆ. ಸಂಜೆ ಬಸ್ಸಿನಲ್ಲಿ ಕೂತಾಗ ಆ ನಗುವಿಗಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಮಗು ಸುಳ್ಳು ಹೇಳಿರಲಿಲ್ಲ. ಅರ್ಥವಿಲ್ಲದ್ದನ್ನು ಯಾಕೆ ಹೇಳಬೇಕು ಅಂತ ಸರಿಯಾಗಿಯೇ ಯೋಚಿಸಿತ್ತು. ಗೊತ್ತಿಲ್ಲ ಅನ್ನಬೇಕಾದಲ್ಲಿ ಇಲ್ಲ ಅಂದವರು ತಾವು.

ಮುಂದಿನ ತರಬೇತಿಯಲ್ಲಿ ಶಾಂಭವಿ ಎದ್ದು ನಿಂತರು. ಸುತ್ತ ನಲವತ್ತು ಜನ ಶಿಕ್ಷಕರು.

“ಸರ್, ದಿ ಅಂದರೆ ಏನು ಅಂತ ಮಕ್ಕಳು ಕೇಳಿದರೆ ಏನು ಹೇಳುವುದು?”

ತರಬೇತುದಾರ ಹುಡುಗನಂಥವನು. “ಅದು ಗುರುತಿಸುವ ಶಬ್ದ ಮೇಡಂ, ವಿವರಿಸುವುದು ಬೇಡ” ಅಂದ.

“ವಿವರಿಸುವುದು ಬೇಡ, ಆತು. ನಂಗಾದ್ರೂ ತಿಳೀಬೇಕಲ್ಲ?”

ಯಾರಾದರೂ ನಗುತ್ತಾರೆಂದು ಶಾಂಭವಿ ಕಾದರು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬಳು, “ನಂಗೂ ಗೊತ್ತಿಲ್ಲ” ಅಂದಳು. ಇನ್ನೂ ಇಬ್ಬರು ಕೈ ಎತ್ತಿದರು. ಆಗ ಹೊನ್ನಾವರದ ಕಡೆಯ ಕಮಲಾಕರ ಮಾಸ್ತರು, ನಿವೃತ್ತಿಗೆ ವರ್ಷವಷ್ಟೇ ಉಳಿದಿದ್ದವರು, ಕೂತಲ್ಲಿಂದಲೇ ಮಾತಾಡಿದರು.

“ನಾ ಗ್ರಾಮರ್ ಓದ್ದವ ಅಲ್ಲ. ಆದ್ರೆ ಕೇಳಿ. ನಿನ್ನೆ ಮನೇಲಿ, ‘ಬೆಕ್ಕು ಹಾಲು ಕುಡ್ಕಂಡು ಹೋತು’ ಅಂದ್ಲು ನನ್ನ ಹೆಂಡ್ತಿ. ಯಾವ ಬೆಕ್ಕು ಅಂತ ನಾ ಕೇಳ್ಲಿಲ್ಲ. ಇಬ್ರಿಗೂ ಗೊತ್ತಿದ್ದ ಬೆಕ್ಕು. ನಾವು ಅದನ್ನ ಬಾಯಿಬಿಟ್ಟು ಹೇಳೂದಿಲ್ಲ, ಇಂಗ್ಲಿಷಿನವ್ರು ಒಂದು ಶಬ್ದ ಇಟ್ಟು ಹೇಳ್ತಾರೆ. ನಂಗೆ ತಿಳಿದದ್ದು ಇಷ್ಟು.”

ತರಬೇತುದಾರನೂ ಅದನ್ನು ಬರೆದುಕೊಂಡ.

ಮರುದಿನ ಶಾಂಭವಿ ತರಗತಿಯಲ್ಲಿ ಕಾರ್ಡು ತೆಗೆಯುವ ಮೊದಲು ಮಕ್ಕಳೆದುರು ನಿಂತು, “ನಾ ಅವತ್ತು ತಪ್ಪು ಹೇಳಿದ್ದೆ. ದಿ ಅನ್ನೂದ್ಕೆ ಅರ್ಥ ಇದೆ” ಅಂದರು. ಹಾಗೆ ಹೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಆಮೇಲೆ ನಮಗೆಲ್ಲ ಗೊತ್ತಿರುವ ಒಂದೊಂದನ್ನು ಹೇಳಿ ಅಂದರು. ಹೊಳೆ ಅಂದರು ಮಕ್ಕಳು. ಯಾವ ಹೊಳೆ ಅಂತ ಯಾರೂ ಕೇಳಲಿಲ್ಲ. ದಿ ರಿವರ್. ಶಾಲೆಯ ಗಂಟೆ. ದಿ ಬೆಲ್. ಅಂಗಳಕ್ಕೆ ದಿನಾ ಬಂದು ಚೀಲ ಮೂಸುವ ದನ. ದಿ ಕೌ. ಅರ್ಧ ಗಂಟೆ ಗದ್ದಲವೋ ಗದ್ದಲ.

ಮಧ್ಯಾಹ್ನದ ಊಟಕ್ಕೆ ಮೊದಲು ಅಂಕಿತಾ ಸ್ಲೇಟು ತಂದು ತೋರಿಸಿದಳು. ವಕ್ರ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ‘ದಿ ಅಂಕಿತಾ’ ಎಂದು ಬರೆದಿದ್ದಳು.

“ಹೆಸರಿಗೆ ಹಾಕೂದಿಲ್ಲ ಮಗಾ.”

“ಎಂತಕ್ಕೆ? ನಾ ಎಲ್ಲರ್ಗೂ ಗೊತ್ತಲ್ಲ?”

ಶಾಂಭವಿ ಸ್ಲೇಟು ಒರೆಸಲು ಎತ್ತಿದ ಕೈ ಇಳಿಸಿದರು. ಹೌದು, ಎಲ್ಲರಿಗೂ ಗೊತ್ತಿದ್ದವಳೇ. ಕಮಲಾಕರ ಮಾಸ್ತರರ ಬೆಕ್ಕು ಇಲ್ಲಿ ಉಪಯೋಗಕ್ಕೆ ಬರಲಿಲ್ಲ.

“ಅದು ನಂಗೆ ಗೊತ್ತಿಲ್ಲ” ಅಂದರು. “ಕೇಳ್ಕಂಡು ಬಂದು ಹೇಳ್ತೆ. ಅಲ್ಲೀವರೆಗೆ ಅದು ಹಾಗೇ ಇರ್ಲಿ.”

ಅಂಕಿತಾ ಸ್ಲೇಟನ್ನು ಎದೆಗವಚಿಕೊಂಡು ಊಟದ ಸಾಲಿಗೆ ಓಡಿದಳು. ಅಕ್ಷರ ಅಳಿಸಿಹೋಗದಂತೆ ಬರೆದ ಬದಿಯನ್ನು ಹೊರಗೆ ಮಾಡಿಕೊಂಡಿದ್ದಳು.